ಐದು ಸಲ ಬಂದ ಬೆಳ್ಳಿ ಅಕ್ಷರಗಳು

1987ರ ಆಗಸ್ಟ್. ತೀರ್ಥಹಳ್ಳಿ ಹತ್ತಿರದ ದೊಡ್ಡಪ್ಪನ ಮನೆಗೆ ಒಂದು ರಾತ್ರಿಯ ಬಾಡಿಗೆಗೆ ವಿಸಿಆರ್, ಅಂದರೆ ವಿಡಿಯೋ ಕ್ಯಾಸೆಟ್ ಓಡಿಸುವ ಯಂತ್ರ, ಬಂತು. ಜೊತೆಗೆ ಕಲರ್ ಟಿವಿ, ಒಂದು ಕನ್ನಡ ಸಿನಿಮಾದ ಕ್ಯಾಸೆಟ್, ನಡೆಸಲು ಒಬ್ಬ ಹುಡುಗ. ಬೆಳಿಗ್ಗೆ ಜೀಪ್ ಬರುವಷ್ಟರಲ್ಲಿ ಮುಗಿಸಬೇಕು.

ಆದರೆ ವಿಸಿಆರ್ ಓಡಲೇ ಇಲ್ಲ. ‘ಡ್ಯೂ’, ಅಂದರೆ ಇಬ್ಬನಿ, ಅಂತ ಒಂದು ದೀಪ ಹತ್ತಿಕೊಂಡಿತ್ತು. ಒಳಗೆ ತಿರುಗುವ ಡ್ರಮ್ಮಿಗೆ ತೇವ ಕೂತರೆ ಟೇಪ್ ಅಂಟಿಕೊಳ್ಳುತ್ತದೆ, ಒಣಗೋವರೆಗೂ ಓಡಲ್ಲ ಎಂದ ಹುಡುಗ. ದೊಡ್ಡಮ್ಮ ಸೀದಾ ಬಚ್ಚಲೊಲೆ ತೋರಿಸಿದರು. ಮಳೆಗಾಲದಲ್ಲಿ ನಮ್ಮ ಕಂಬಳಿ ಒಣಗೋದೂ ಅಲ್ಲೇ ತಾನೆ! ಮಣೆ ಮೇಲೆ ಕೂತು ವಿಸಿಆರ್ ಎರಡು ಗಂಟೆ ಬೆಂಕಿ ಕಾಯಿಸಿಕೊಂಡಿತು.

ಕೊನೆಗೂ ಶುರುವಾಯಿತು. ಕಪ್ಪು ಪರದೆ. ಟೊಂಯ್ ಅಂತ ಒಂದು ಸದ್ದು. ಮೂಲೆಯಿಂದ ಬೆಳ್ಳಿ ಬಣ್ಣದ ಇಂಗ್ಲಿಷ್ ಅಕ್ಷರಗಳು ಬೆಳಕಿನ ಬಾಲ ಎಳೆದುಕೊಂಡು, ಗಿರ್ರನೆ ಸುತ್ತಿ, ಸಾಲಾಗಿ ನಿಂತವು. ವಿಡಿಯೋ ಕಂಪನಿಯ ಲೋಗೋ ಅಷ್ಟೇ. ನಮಗೆ ಉಸಿರೇ ನಿಂತುಹೋಯಿತು.

ಆಗಲೇ ಕರೆಂಟ್ ಹೋಯಿತು.

ಬಂದಾಗ ಕೆಳಗಿನ ಮನೆಯವರು ಟಾರ್ಚ್ ಹಿಡಿದು ಜಗಲಿಯಲ್ಲಿದ್ದರು. ‘ಪಾಪ, ಮೊದಲಿಂದ ಹಾಕು ಮಾರಾಯ’ ಎಂದರು ದೊಡ್ಡಪ್ಪ. ರಿವೈಂಡ್. ಮತ್ತೆ ಲೋಗೋ. ಆಮೇಲೆ ಹೊಳೆಯಾಚೆಯವರು ಬಂದರು, ಮತ್ತೆ ರಿವೈಂಡ್. ಬಂದವರಿಗೆ ಅರ್ಧ ಸಿನಿಮಾ ತೋರಿಸೋದು ಅಂದರೆ ಎಲೆ ಹಾಕಿ ಅನ್ನ ಬಡಿಸದ ಹಾಗೆ, ಅಲ್ವಾ? ಹೀಗೆ ಐದು ಸಲ. ಎಷ್ಟು ಮನೆಯಲ್ಲಿ ಓಡಿದ ಕ್ಯಾಸೆಟ್ಟೋ, ಶುರುವಿನಲ್ಲೇ ಬಿಳಿ ಗೆರೆ ಜಾಸ್ತಿ. ಹುಡುಗ ಗೆರೆ ಹೋಗಿಸೋ ಟ್ರ್ಯಾಕಿಂಗ್ ಗುಂಡಿ ತಿರುಗಿಸಿದಷ್ಟೂ ಅಕ್ಷರ ನಡುಗುತ್ತಿದ್ದವು.

ಅಮೆರಿಕದಲ್ಲಿ ಇಂಥ ಮಿನುಗುವ ಅಕ್ಷರಗಳಿಗೆ ಸ್ಕ್ಯಾನಿಮೇಟ್ ಅಂತ ಒಂದು ಯಂತ್ರ ಇತ್ತಂತೆ. ಹಾಳೆಯ ಮೇಲಿನ ಅಕ್ಷರವನ್ನು ಕ್ಯಾಮೆರಾದಲ್ಲಿ ಹಿಡಿದು, ಟಿವಿ ಪರದೆ ಮೇಲೆ ವಿದ್ಯುತ್ತಿನಿಂದಲೇ ಎಳೆದು, ತಿರುಚಿ, ಅದನ್ನು ಇನ್ನೊಂದು ಕ್ಯಾಮೆರಾ ಹಿಡಿಯುತ್ತಿತ್ತು. ಒಬ್ಬ ಕೂತು ಗುಂಡಿ ತಿರುಗಿಸಿದರೆ ಆಗಲೇ ಪರದೆ ಮೇಲೆ ಅಕ್ಷರ ಕುಣಿಯುತ್ತಿದ್ದವು. ಇದನ್ನು ಓದಿದ್ದು ಎಷ್ಟೋ ವರ್ಷದ ಮೇಲೆ. ಓದುವಾಗ ನೆನಪಾಗಿದ್ದು ಟ್ರ್ಯಾಕಿಂಗ್ ತಿರುಗಿಸುತ್ತಿದ್ದ ಆ ಹುಡುಗ.

ಸಿನಿಮಾ ಮುಗಿಯುವ ಮೊದಲೇ ಜೀಪ್ ಬಂತು. ನಾಯಕಿಗೆ ಮದುವೆ ಆಯ್ತಾ ಇಲ್ವಾ ಅಂತ ದೊಡ್ಡಮ್ಮ ಸಿಕ್ಕವರನ್ನೆಲ್ಲ ವಾರಗಟ್ಟಲೆ ಕೇಳಿದರು. ನಾವು ಮಕ್ಕಳು ಕೊಟ್ಟಿಗೆ ಹಿಂದೆ ಲೋಗೋ ಆಟ ಆಡಿದೆವು. ಒಬ್ಬೊಬ್ಬರು ಒಂದೊಂದು ಅಕ್ಷರ, ಸೊಂಟಕ್ಕೆ ಬಾಲವಾಗಿ ಅಡಿಕೆ ಸೋಗೆ. ಸುತ್ತಿ ಬಂದು ಸಾಲಾಗಿ ನಿಲ್ಲೋದು. ಟೊಂಯ್ ಅನ್ನೋ ಕೆಲಸ ನನ್ನದು.