ಸಿಂಕ್ ಲೈಟು

ನಮ್ಮ ಡಿಫಿಬ್ (ಹೃದಯಕ್ಕೆ ಶಾಕ್ ಕೊಡೋ ಮಷೀನು) ಬಗ್ಗೆ, ಆಸ್ಪತ್ರೆಯ ಉಪಕರಣ ನೋಡ್ಕೊಳ್ಳೋ ಬಯೋಮೆಡಿಕಲ್‌ನವರ ರಿಪೋರ್ಟ್ ಬಂತು: ‘ಉಪಕರಣದಲ್ಲಿ ದೋಷವಿಲ್ಲ’. ಓದಿ ನಗು ಬಂತು. ದೋಷ ಯಾರದ್ದು ಅಂತ ಆ ರಾತ್ರಿಯೇ ಗೊತ್ತಾಗಿತ್ತಲ್ಲ.

ಹಾಸನದ ಒಂದು ಆಸ್ಪತ್ರೆ, ಐಸಿಯು, ನನ್ನ ನೈಟ್ ಡ್ಯೂಟಿ. ಹ್ಯಾಂಡೋವರ್ ಮುಗೀತಿದ್ದ ಹಾಗೇ ಒಬ್ಬ ಅಜ್ಜಿಗೆ ಎಎಫ್ ಕಾರ್ಡಿಯೋವರ್ಷನ್, ಅಂದ್ರೆ ಅಡ್ಡಾದಿಡ್ಡಿ ಬಡಿಯೋ ಹೃದಯಕ್ಕೆ ಶಾಕ್ ಕೊಟ್ಟು ಲಯಕ್ಕೆ ತರೋದು. ಸೆಡೇಷನ್, ಸಿಂಕ್ (ಶಾಕ್ ಹೃದಯದ ಬಡಿತಕ್ಕೆ ಹೊಂದಿಕೊಂಡೇ ಬೀಳೋ ಹಾಗೆ ಮಾಡೋ ಬಟನ್), 120 ಜೌಲ್ಸ್. ಒಂದೇ ಶಾಕಿಗೆ ರಿದಮ್ ಹಿಡೀತು. ಮತ್ತೆ ಬೇಕಾದೀತು ಅಂತ ಡಿಫಿಬ್ ಆಫ್ ಮಾಡದೆ ಮೂಲೆಗೆ ತಳ್ಳಿದೆ. ಕೆಲವು ಮಾಡೆಲ್‌ಗಳು ಶಾಕ್ ಆದ ಮೇಲೆ ತಾವೇ ಸಿಂಕ್ ಬಿಡ್ತವೆ. ಹಳೇದು ಬಿಡ್ತಿತ್ತು, ಹೊಸದು ಬಿಡಲ್ಲ. ಟ್ರೈನಿಂಗ್ ಅಂತ ಕೊಟ್ಟಿದ್ದು ಚಹಾ, ಬಿಸ್ಕತ್ತು, ಹದಿನೈದು ನಿಮಿಷದ ಸ್ಲೈಡು.

ಎರಡೂವರೆಗೆ ಆಲೂರು ಕಡೆಯಿಂದ ಇನ್‌ಫೀರಿಯರ್ ಎಂಐ, ಅಂದ್ರೆ ಹೃದಯದ ಕೆಳಭಾಗದ ಹಾರ್ಟ್ ಅಟ್ಯಾಕ್ ಆದ ಪೇಷಂಟ್ ಬಂದ್ರು. ರಕ್ತದ ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಹೋಯ್ತು. ಆಂಜಿಯೋಗೆ ಮೈಸೂರು ಜಯದೇವಕ್ಕೆ ಕಳಿಸೋದು ಅಂತ ಮಾತಾಗಿತ್ತು. ಮಗನ ಹತ್ತಿರ ಸೈನ್ ಹಾಕಿಸ್ಕೋತಿದ್ದೆ, ಮಾನಿಟರ್ ಕೂಗ್ತು. ವಿಎಫ್: ಹೃದಯ ಬಡಿಯದೆ ಬರೀ ನಡುಗೋ ಸ್ಥಿತಿ.

ಸಿಸ್ಟರ್ ಎದೆ ಒತ್ತೋಕೆ ಶುರು ಮಾಡಿದ್ರು. ನಾನು 200ಕ್ಕೆ ಚಾರ್ಜ್ ಮಾಡಿ, ಪ್ಯಾಡಲ್ ಇಟ್ಟು, ‘ದೂರ!’ ಅಂದು ಒತ್ತಿದೆ. ಏನೂ ಇಲ್ಲ. ಮತ್ತೆ ಒತ್ತಿದೆ. ಮೈ ಅಲುಗಲಿಲ್ಲ. ಕಾಂಟ್ಯಾಕ್ಟ್ ಸರಿ ಇಲ್ಲ ಅಂತ ಜೆಲ್ಲಿ ಸುರಿದೆ. ಆಮೇಲೆ ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದೆ. ಡ್ಯೂಟಿ ಡಾಕ್ಟರ್ ‘ಬ್ಯಾಟರಿ ನೋಡಿ ಬ್ರದರ್’ ಅಂದ್ರು, ಬಗ್ಗಿ ಬ್ಯಾಟರಿ ನೋಡಿದೆ. ಇಷ್ಟರಲ್ಲಿ ಎದೆ ಒತ್ತೋದು ನಿಂತೇ ಹೋಗಿತ್ತು. ‘ದೂರ’ ಅಂದವನು ನಾನು, ‘ಒತ್ತಿ’ ಅಂತ ಹೇಳಲೇ ಇಲ್ಲ. ಎಲ್ಲರೂ ಮಷೀನ್ ನೋಡ್ತಾ ನಿಂತಿದ್ರು. ನನ್ನನ್ನು ಇವತ್ತಿಗೂ ಚುಚ್ಚೋದು ಸಿಂಕ್ ಬಟನ್ ಅಲ್ಲ, ಇದು. ಶಾಕ್ ತಡವಾದಷ್ಟೂ ಪ್ರತಿ ನಿಮಿಷಕ್ಕೆ ಬದುಕೋ ಅವಕಾಶ 7ರಿಂದ 10 ಪರ್ಸೆಂಟ್ ಇಳಿಯುತ್ತೆ, ಎದೆ ಒತ್ತದೇ ಇದ್ದರೆ. ಈ ಲೆಕ್ಕವನ್ನ ಸ್ಟೂಡೆಂಟ್‌ಗಳಿಗೆ ಹೇಳಿಕೊಡೋನು ನಾನೇ.

ಪಕ್ಕದ ವಾರ್ಡಿಂದ ಓಡಿಬಂದ ಹಿರಿಯ ಸಿಸ್ಟರ್ ಒಂದೇ ಮಾತು ಕೇಳಿದ್ರು: ‘ಆ ಸಿಂಕ್ ಲೈಟು ಯಾಕಯ್ಯಾ ಉರೀತಿದೆ?’

ಇಸಿಜಿಯ ಟಿ ವೇವ್ (ಬಡಿತದ ನಂತರ ಹೃದಯ ಚೇತರಿಸಿಕೊಳ್ಳೋ ಹೊತ್ತು) ಮೇಲೆ ಶಾಕ್ ಬಿದ್ದು ವಿಎಫ್ ಆಗದಿರಲಿ ಅಂತ ಸಿಂಕ್‌ನಲ್ಲೇ ಇದ್ದ ಮಷೀನು ಆರ್ ವೇವ್‌ಗೆ, ಅಂದ್ರೆ ಪ್ರತಿ ಬಡಿತದ ಚೂಪು ಗೆರೆಗೆ, ಕಾಯ್ತಾ ಕೂತಿತ್ತು. ವಿಎಫ್‌ನಲ್ಲಿ ಆರ್ ವೇವ್ ಎಲ್ಲಿಂದ ಬರಬೇಕು? ಅವರೇ ಬಟನ್ ಒತ್ತಿ ಸಿಂಕ್ ತೆಗೆದ್ರು. ಮತ್ತೆ ಚಾರ್ಜ್, ಶಾಕ್. ರಿದಮ್ ಬಂತು. ಬೆಳಗಿನ ಜಾವ ಮೈಸೂರಿಗೆ ಹೊರಟರು. ಆಂಬುಲೆನ್ಸ್ ಹತ್ತಿಸುವಾಗ ಮಗ ನನಗೆ ಕೈ ಮುಗಿದ. ನಾನು ಸ್ಟ್ರೆಚರಿನ ಬೆಲ್ಟ್ ಸರಿಮಾಡೋ ಹಾಗೆ ಮುಖ ತಿರುಗಿಸಿದೆ.

ಇನ್ಸಿಡೆಂಟ್ ಫಾರ್ಮಲ್ಲಿ ಎಲ್ಲ ಬರೆದೆ. ಡಿಫಿಬ್ ಮೇಲೆ ಕೆಂಪು ಸ್ಟಿಕ್ಕರ್ ಬೇಕು ಅಂತಲೂ ಬರೆದೆ. ಉತ್ತರವಾಗಿ ಬಂದದ್ದು ಮೇಲಿನ ರಿಪೋರ್ಟು. ಕೊನೆಗೆ ಮೈಕ್ರೋಪೋರ್ ಟೇಪ್ ಮೇಲೆ ಪೆನ್ನಲ್ಲಿ ‘ಸಿಂಕ್ ನೋಡು’ ಅಂತ ಬರೆದು ನಾನೇ ಅಂಟಿಸಿದ್ದೀನಿ. ಸ್ಪಿರಿಟ್ ಹಾಕಿ ಒರೆಸಿದಾಗೆಲ್ಲ ಅಕ್ಷರ ಅಳಿಸಿಹೋಗುತ್ತೆ, ಸೋಮವಾರ ಸೋಮವಾರ ಹೊಸದು ಬರೀತೀನಿ.