ಉಪಗ್ರಹಕ್ಕೆ ಕಾಣುವ ಮೋಡ ನಿಮ್ಮ ಲೆಕ್ಕಕ್ಕೇಕೆ ಸಿಗುವುದಿಲ್ಲ?

ನಾಳಿನ ಹವಾಮಾನವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಮಾದರಿಗಳು ತೋರಿಸುವ ಮೋಡಗಳನ್ನು ಉಪಗ್ರಹದ ಅಳತೆಗಳ ಪಕ್ಕದಲ್ಲಿಟ್ಟು ತಪ್ಪು ಹುಡುಕುವುದು ನನ್ನ ಕೆಲಸ. ಇದು ತಿಳಿದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಮೇಲಿನಿಂದ ಎಲ್ಲ ಕಾಣುತ್ತದಲ್ಲ, ಮತ್ತೆ ಮೋಡದ ವಿಷಯದಲ್ಲಿ ನೀವು ಎಡವುವುದೇಕೆ?" ಬಾಯಿ ನೋಯುವಷ್ಟು ಉತ್ತರಿಸಿದ್ದಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುವವನಿದ್ದೇನೆ, ಬೇಸರವಾದರೆ ಆಗಲಿ.

ಮೇಲಿನಿಂದ ಎಲ್ಲ ಕಾಣುವುದಿಲ್ಲ. ನಮ್ಮ ಇನ್ಸಾಟ್-3ಡಿಆರ್ ಮತ್ತು ಇನ್ಸಾಟ್-3ಡಿಎಸ್ ಉಪಗ್ರಹಗಳು ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ಹಗಲಿರುಳೂ ಸಿಗುವ ಅವಕೆಂಪು ಚಿತ್ರಕ್ಕಾಗಿ ಅವು ಕೆಳಗಿನಿಂದ ಬರುವ ಶಾಖದ ವಿಕಿರಣವನ್ನು ಅಳೆಯುತ್ತವೆ, ಅದೂ ಸುಮಾರು 4 ಕಿಲೋಮೀಟರ್ ಅಗಲದ ಒಂದೊಂದು ಚೌಕಕ್ಕೆ ಒಂದೊಂದು ಸಂಖ್ಯೆಯಂತೆ. ಆ ಸಂಖ್ಯೆಯನ್ನು ತಾಪಮಾನಕ್ಕೆ ಪರಿವರ್ತಿಸಿ, ತಣ್ಣಗಿದ್ದರೆ ಎತ್ತರದ ಮೋಡ, ಬೆಚ್ಚಗಿದ್ದರೆ ತಗ್ಗಿನ ಮೋಡ ಅಥವಾ ಬರಿಯ ನೆಲ ಎಂದು ತೀರ್ಮಾನಿಸುವವರು ನಾವು.

ಒಂದು ಶ್ರಾವಣದಲ್ಲಿ, ತೀರ್ಥಹಳ್ಳಿ ಬಳಿಯ ನೆಂಟರ ಮನೆಯ ಸತ್ಯನಾರಾಯಣ ಪೂಜೆಯಲ್ಲಿ, ಊಟಕ್ಕೆ ಎಲೆ ಹಾಕುವ ಹೊತ್ತಿಗೆ ದೊಡ್ಡಪ್ಪನವರು ಮೊಬೈಲಿನಲ್ಲಿ ಉಪಗ್ರಹದ ಚಿತ್ರ ತೆರೆದು ನನ್ನ ಮುಖಕ್ಕೆ ಹಿಡಿದರು. "ನೋಡು ಮಾರಾಯ, ಇದರಲ್ಲಿ ನಮ್ಮೂರ ಮೇಲೆ ಸರಿಯಾಗಿ ಬಿಳಿ ಬಣ್ಣವೇ ಇಲ್ಲ, ಹೊರಗೆ ಸೂರಿನ ನೀರು ನಿಂತೇ ಇಲ್ಲ. ಉಪಗ್ರಹವೂ ಸುಳ್ಳು, ನಿಮ್ಮ ಲೆಕ್ಕವೂ ಸುಳ್ಳು." ಪಂಕ್ತಿಯೆಲ್ಲ ನಕ್ಕಿತು. ಉಪಗ್ರಹ ಸುಳ್ಳು ಹೇಳಿರಲಿಲ್ಲ. ಅರಬ್ಬೀ ಸಮುದ್ರದ ತೇವದ ಗಾಳಿ ಘಟ್ಟಕ್ಕೆ ಬಡಿದು ಮೇಲೇರುವಾಗ ಹುಟ್ಟುವ ಮೋಡಗಳು ಅನೇಕ ವೇಳೆ ಬಹಳ ಎತ್ತರಕ್ಕೆ ಬೆಳೆಯದೆಯೇ ಧಾರಾಕಾರ ಮಳೆ ಸುರಿಸುತ್ತವೆ; ಅವುಗಳ ನೆತ್ತಿ ಅಷ್ಟೇನೂ ತಣ್ಣಗಿರುವುದಿಲ್ಲವಾದ್ದರಿಂದ ಚಿತ್ರದಲ್ಲಿ ಬೂದು ಬಣ್ಣವಷ್ಟೇ ಕಾಣುತ್ತದೆ. ನೆತ್ತಿಯ ತಾಪಮಾನದಿಂದ ಮಳೆಯನ್ನು ಅಂದಾಜಿಸುವ ವಿಧಾನಗಳು ಘಟ್ಟದ ಮಳೆಯನ್ನು ಕಡಿಮೆ ತೋರಿಸುವುದಕ್ಕೆ ಇದೊಂದು ದೊಡ್ಡ ಕಾರಣ. ಇಷ್ಟನ್ನು ಪಾಯಸ ಬರುವುದರೊಳಗೆ ಹೇಳಿ ಮುಗಿಸಲು ಯಾರಿಗೂ ಸಾಧ್ಯವಿಲ್ಲ.

ತೆಳು ಮೋಡದ ಕಥೆ ಇನ್ನೂ ತೊಡಕಿನದು. 12 ಕಿಲೋಮೀಟರ್ ಎತ್ತರದಲ್ಲಿ, ಸೊನ್ನೆಗಿಂತ ಸುಮಾರು 50 ಡಿಗ್ರಿ ಕೆಳಗಿನ ತಣ್ಣನೆಯಲ್ಲಿ, ಹಿಮಕಣಗಳ ತೆಳ್ಳನೆಯ ಪೊರೆಯೊಂದಿದೆ ಎನ್ನಿ. ಕೆಳಗಿನ ಬೆಚ್ಚನೆಯ ನೆಲದ ವಿಕಿರಣ ಅದರ ಮೂಲಕವೇ ಹಾದು ಬಂದು ಬೆರೆಯುವುದರಿಂದ ಉಪಗ್ರಹಕ್ಕೆ ಸೊನ್ನೆಗಿಂತ 10 ಡಿಗ್ರಿ ಮಾತ್ರ ಕೆಳಗಿರುವಂತೆ ತೋರಬಹುದು. ಅದನ್ನು ನಂಬಿದವನು ಆರೇಳು ಕಿಲೋಮೀಟರ್ ಎತ್ತರದಲ್ಲಿ ಮೋಡವಿದೆಯೆಂದು ಬರೆದುಕೊಂಡು, ತೆಳು ಮೋಡವನ್ನು ಸರಿಯಾದ ಜಾಗದಲ್ಲೇ ಇಟ್ಟಿದ್ದ ಮಾದರಿಗೆ ಸೊನ್ನೆ ಅಂಕ ಕೊಡುತ್ತಾನೆ. ಆದ್ದರಿಂದ ನಾವು ದಾರಿಯನ್ನು ತಿರುಗಿಸಿಕೊಂಡಿದ್ದೇವೆ: ಮಾದರಿಯ ವಾತಾವರಣದ ಮೇಲೆ ಇದೇ ಉಪಗ್ರಹ ಹಾರಾಡಿದ್ದರೆ ಅದಕ್ಕೆ ಯಾವ ಸಂಖ್ಯೆಗಳು ಸಿಗುತ್ತಿದ್ದವು ಎಂದು ಲೆಕ್ಕ ಹಾಕಿ, ಆ ಸಂಖ್ಯೆಗಳನ್ನು ನಿಜವಾದ ಅಳತೆಗಳೊಂದಿಗೆ ಹೋಲಿಸುತ್ತೇವೆ. ಇದಕ್ಕೆಂದೇ ಸಿಒಎಸ್‌ಪಿ ಎಂಬ ಸಾಫ್ಟ್‌ವೇರ್ ಇದೆ. ಮೋಡವನ್ನು ಪದರ ಪದರವಾಗಿ ಸೀಳಿ ನೋಡಲು 2006ರಲ್ಲಿ ಹಾರಿದ ಕ್ಲೌಡ್‌ಸ್ಯಾಟಿನ ರೇಡಾರ್, ಕ್ಯಾಲಿಪ್ಸೊವಿನ ಲೇಸರ್ ನೆರವಾದವು. ಅವೆರಡೂ 2023ರಲ್ಲಿ ಕೆಲಸ ನಿಲ್ಲಿಸಿದ ಮೇಲೆ, 2024ರ ಮೇ ತಿಂಗಳಲ್ಲಿ ಯುರೋಪ್ ಮತ್ತು ಜಪಾನ್ ಸೇರಿ ಹಾರಿಸಿದ ಅರ್ಥ್‌ಕೇರ್ ಬಂದಿದೆ. ಆದರೆ ಇಂಥ ರೇಡಾರ್, ಲೇಸರ್‌ಗಳಿಗೆ ಸಿಗುವುದು ತಾವು ಸಾಗುವ ದಾರಿಯ ಕೆಳಗಿನ ಕಿರಿದಾದ ಗೆರೆಯಷ್ಟೇ. ಎಲ್ಲ ಕಾಣುತ್ತದೆ ಎನ್ನುವವರು ಇದನ್ನು ಇನ್ನೊಮ್ಮೆ ಓದಿಕೊಳ್ಳಬೇಕು.

ಇಷ್ಟಕ್ಕೂ ತಪ್ಪಾದ ದಿನದ ಬಗ್ಗೆಯೇ ಏಕೆ ಕೇಳುತ್ತೀರಿ? ಮುನ್ಸೂಚನೆ ಸರಿಹೋದ ದಿನ, ಅದು ಸರಿಯಾದ ಕಾರಣಕ್ಕೇ ಸರಿಹೋಯಿತೇ ಎಂದು ಒಬ್ಬರಾದರೂ ಕೇಳಿದ್ದರೆ ನಾನು ಊಟ ಬಿಟ್ಟು ಉತ್ತರಿಸುತ್ತಿದ್ದೆ. ಅನೇಕ ಮಾದರಿಗಳು ತಗ್ಗಿನ ಮೋಡಗಳನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತವೆ, ಆದರೆ ತೋರಿಸಿದ್ದನ್ನು ಇರುವುದಕ್ಕಿಂತ ಹೆಚ್ಚು ಹೊಳಪಾಗಿಸುತ್ತವೆ. ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಹಾಕಿ, ಮೋಡಗಳು ಹಿಂದಿರುಗಿಸುವ ಬಿಸಿಲಿನ ಮೊತ್ತ ಮಾತ್ರ ಹೆಚ್ಚುಕಡಿಮೆ ಸರಿಬರುತ್ತದೆ. ಹಾಗೆ ಮುಚ್ಚಿಹೋಗದ ಕಡೆ ಬಣ್ಣ ಬಯಲಾಗುತ್ತದೆ. ಅಂಟಾರ್ಕ್ಟಿಕದ ಸುತ್ತಲಿನ ದಕ್ಷಿಣ ಮಹಾಸಾಗರದಲ್ಲಿ ಮೋಡದ ನೀರಹನಿಗಳು ಸೊನ್ನೆ ಡಿಗ್ರಿಗಿಂತ ಬಹಳ ಕೆಳಗೂ ಹೆಪ್ಪುಗಟ್ಟದೆ ಉಳಿಯುತ್ತವೆ. ಹಲವು ಮಾದರಿಗಳು ಅವನ್ನು ಅವಸರದಲ್ಲಿ ಹಿಮವಾಗಿಸಿ ಉದುರಿಸಿಬಿಡುತ್ತಿದ್ದುದರಿಂದ ಅಲ್ಲಿನ ಸಮುದ್ರಕ್ಕೆ ಬೀಳಬೇಕಾದುದಕ್ಕಿಂತ ಹೆಚ್ಚು ಬಿಸಿಲು ಬೀಳುತ್ತಿತ್ತು. ಅದನ್ನು ಹಿಡಿದುಕೊಟ್ಟದ್ದು ಉಪಗ್ರಹದ ಅಳತೆ.

ಮೊತ್ತ ಸರಿಬಂದರೆ ಸಾಕಲ್ಲವೇ ಎನ್ನುವವರು ಪಾವಗಡದ ಸೋಲಾರ್ ಪಾರ್ಕನ್ನು ನೆನೆಯಲಿ. ಅಲ್ಲಿ ವಿದ್ಯುತ್ ಎಷ್ಟು ಬರುತ್ತದೆಂದು 15 ನಿಮಿಷಗಳ ಒಂದೊಂದು ಅವಧಿಗೂ ಮೊದಲೇ ಅಂದಾಜು ಕೊಡಬೇಕಾಗುತ್ತದೆ. ದಟ್ಟವಾದ ಒಂದೆರಡು ಮೋಡಗಳು ಹಾದುಹೋಗುವ ದಿನಕ್ಕೂ, ತೆಳುವಾದ ಮೋಡ ಇಡೀ ಆಕಾಶಕ್ಕೆ ಕವಿದ ದಿನಕ್ಕೂ ಸಂಜೆಯ ಹೊತ್ತಿಗೆ ಬಿಸಿಲಿನ ಮೊತ್ತ ಒಂದೇ ಇರಬಹುದು. ಮೊದಲನೆಯ ದಿನ ಉತ್ಪಾದನೆ ಒಮ್ಮೆಗೇ ಕುಸಿದು ಮತ್ತೆ ಒಮ್ಮೆಗೇ ಏರುತ್ತದೆ, ಎರಡನೆಯ ದಿನ ಬೆಳಗಿನಿಂದಲೂ ಮಂದವಾಗಿಯೇ ಸಾಗುತ್ತದೆ. ಇವೆರಡನ್ನೂ ಬೇರೆ ಬೇರೆಯಾಗಿ ಹೇಳಲಾರದ ಮಾದರಿಗೆ ನಾನಂತೂ ಪಾಸು ಅಂಕ ಕೊಡುವುದಿಲ್ಲ.