‘ಇದನ್ನೆಲ್ಲ ಯಾಕೆ ಇಟ್ಕೊಂಡಿದ್ದೀಯ?’

ನಮ್ಮ ಶಿರಸಿ ಮನೆಗೆ ಬಂದವರು ಶೋಕೇಸಿನ ಮುಂದೆ ನಿಂತು ಇದನ್ನೇ ಕೇಳುತ್ತಾರೆ. ಚಿತ್ರಕಲೆ ಬಗ್ಗೆ ಅಷ್ಟೆಲ್ಲ ಬರೆಯುವವಳ ಮನೆಯಲ್ಲಿ ಚಿಪ್ಪು ಅಂಟಿಸಿದ ಗಣಪತಿ, ನನ್ನ ಹೆಸರು ತಪ್ಪಾಗಿ ಬರೆದ ಶಂಖ, ಸ್ವಿಚ್ ಹಾಕಿದರೆ ಬಣ್ಣ ಬದಲಿಸುವ ಮುರ್ಡೇಶ್ವರದ ಶಿವ! ಅಲ್ಲಿನ ಶಿವ 123 ಅಡಿ. ನಮ್ಮವನು ಒಂದು ಗೇಣು.

ಇಂಥದ್ದಕ್ಕೆ ಕಲೆ ಬಲ್ಲವರು ‘ಕಿಚ್’ ಅನ್ನುತ್ತಾರೆ. ಜರ್ಮನ್ ಪದ. 19ನೇ ಶತಮಾನದಲ್ಲಿ ಮ್ಯೂನಿಕ್‌ನ ಚಿತ್ರದ ಪೇಟೆಯಲ್ಲಿ ಅಗ್ಗದ, ಬೇಗ ಖರ್ಚಾಗುವ ಚಿತ್ರಗಳಿಗೆ ಹಾಗೆ ಕರೆಯುತ್ತಿದ್ದರು. ಬೈಗುಳವೇ ಅನ್ನಿ.

ನನಗೆ ಈ ರುಚಿ ಹತ್ತಿದ್ದು ಅಜ್ಜಿಯ ದೇವರ ಕೋಣೆಯಲ್ಲಿ. ಅಲ್ಲಿ ರವಿವರ್ಮನ ಲಕ್ಷ್ಮಿಯ ಪಟವಿತ್ತು. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಹಾಕಿದ ಮೇಲೆ, ಅರಮನೆಯ ಗೋಡೆಗಳಲ್ಲಿದ್ದಂಥ ಚಿತ್ರಗಳು ಅಚ್ಚಾಗಿ ಊರೂರಿಗೆ ಹೋದವು. ಅಜ್ಜಿ ಆ ಲಕ್ಷ್ಮಿಯ ಸೀರೆಗೆ ಹಳೇ ಜರಿ ತುಂಡು ಅಂಟಿಸಿ, ಮಣಿ ಪೋಣಿಸಿದ್ದರು. ಯಾಕೆ ಅಂದರೆ, ‘ಸೀರೆ ಬೋಳು ಕಾಣ್ತಿತ್ತು’. ಅಷ್ಟೇ! ಬೇರೆ ಎಷ್ಟೋ ಮನೆಗಳಲ್ಲೂ ಹೆಂಗಸರು ಹೀಗೇ ಮಾಡಿದ್ದಾರೆ. ಅಂಥ ಪಟಗಳನ್ನು ಈಗ ಮ್ಯೂಸಿಯಂಗಳು ಗಾಜಿನ ಹಿಂದೆ ಇಡುತ್ತವೆ. ಅಜ್ಜಿ ಕೇಳಿದ್ದರೆ ನಗುತ್ತಿದ್ದರು.

ದೊಡ್ಡ ಚಿತ್ರದ ಮುಂದೆ ನಾನು ಕೈಕಟ್ಟಿ ನಿಲ್ಲುತ್ತೇನೆ. ಅರ್ಥವಾಗದಿದ್ದರೂ ತಲೆಯಾಡಿಸುತ್ತೇನೆ, ಸುಳ್ಳೇಕೆ. ಚಿಪ್ಪಿನ ಗಣಪತಿ ಮುಂದೆ ಆ ಭಯ ಇಲ್ಲ. ಅವನು ಯಾರನ್ನೂ ಪರೀಕ್ಷೆ ಮಾಡುವುದಿಲ್ಲ. ಮಕ್ಕಳು ಮುಟ್ಟಬಹುದು. ಚೆನ್ನಾಗಿಲ್ಲ ಅನ್ನಿಸಿದರೆ ಇನ್ನೊಂದು ಚಿಪ್ಪು ಅಂಟಿಸಲೂಬಹುದು.

ಹಾಗಂತ ಎಲ್ಲಕ್ಕೂ ಸೈ ಅನ್ನಲಾರೆ. ನಮ್ಮ ಸೀಮೆಯ ಗುಡಿಗಳಲ್ಲಿ ಕಾವಿ ಕಲೆ ಇದೆ. ಸುಣ್ಣದ ಗಾರೆ ಮೇಲೆ ಕೆಮ್ಮಣ್ಣಿನ ಕಾವಿ ಬಳಿದು, ಹಸಿ ಇರುವಾಗಲೇ ಕೆರೆದು ಬಿಳಿ ಗೆರೆ ತೆಗೆಯುವ ಕೆಲಸ ಅದು. ಜೀರ್ಣೋದ್ಧಾರ ಅಂತ ಅಂಥ ಗೋಡೆ ಕೆಡವಿ ಹೊಳೆಯುವ ಟೈಲ್ಸ್ ಹಾಕಿದ್ದು ನೋಡಿದರೆ ಹೊಟ್ಟೆ ಉರಿಯುತ್ತದೆ. ಶೋಕೇಸಿಗೆ ಬಂದ ಶಿವ ಯಾರ ಜಾಗವನ್ನೂ ಕಿತ್ತುಕೊಂಡಿಲ್ಲ. ಆ ಟೈಲ್ಸ್ ಕಿತ್ತುಕೊಂಡಿತು. ನನ್ನ ಲೆಕ್ಕ ಇಷ್ಟೇ.

ಕಳೆದ ಮಳೆಗಾಲದಲ್ಲಿ ಗಣಪತಿಯ ಒಂದು ಕಿವಿ ಉದುರಿತು. ಕಾರವಾರದ ಬೀಚಿಗೆ ಹೋದಾಗ ಅದೇ ಅಳತೆಯ ಚಿಪ್ಪು ಹುಡುಕಬೇಕು.